ಒಂದು ಕಂಪ್ಯೂಟರು, ಇಬ್ಬರು ತಜ್ಞರು

ಮನೆಗಳ ನಕ್ಷೆ ಬರೆಯುವುದು ಅವಳ ಕೆಲಸ. ಯಾರದೋ ಖಾಲಿ ಜಾಗದ ಅಳತೆ ತಂದು, ಅಡುಗೆಮನೆ ಎಲ್ಲಿ, ಮೆಟ್ಟಿಲು ಎಲ್ಲಿ, ಬಚ್ಚಲ ನೀರು ಯಾವ ಕಡೆ ಹೋಗಬೇಕು ಎಂದು ಕೂಡಿಸಿ ಕಳೆದು, ಕೊನೆಗೆ ಇಡೀ ಮನೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಿ, ಸುತ್ತ ತಿರುಗಿಸಿ ತೋರಿಸುತ್ತಿದ್ದಳು. ತಿರುಗಿಸುವುದು ಎಂದದ್ದು ಮಾತಿಗೆ. ಅವಳ ಹಳೆಯ ಯಂತ್ರ ಒಂದು ಗೋಡೆಯನ್ನು ಪಕ್ಕಕ್ಕೆ ಸರಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ, ಅವಳು ಹೋಗಿ ಒಲೆ ಒರೆಸಿ, ಮತ್ತೆ ಬಂದು ಕೂತಿರುತ್ತಿದ್ದಳು. ದಂತವೈದ್ಯೆಯೊಬ್ಬಳ ಹೊಸ ಮನೆಯ ಸುರುಳಿ ಮೆಟ್ಟಿಲು ಬರೆಯುತ್ತಿದ್ದಾಗ ಆ ಯಂತ್ರ ಒಮ್ಮೆ ನಿಟ್ಟುಸಿರಿಟ್ಟು, ಸುಟ್ಟ ವಾಸನೆ ಬಿಟ್ಟು, ಕಣ್ಣು ಮುಚ್ಚಿತು. ಅರ್ಧ ಮೆಟ್ಟಿಲು ಹತ್ತಿದ ಮನೆ ಅಲ್ಲೇ ನಿಂತಿತು.

ಹೊಸದು ಬೇಕೇ ಬೇಕಾಯಿತು. ಅದಕ್ಕೆಂದು ಅವಳು ತನ್ನ ಸಂಪಾದನೆಯಲ್ಲಿ ಒಂದಿಷ್ಟು ತೆಗೆದಿಟ್ಟಿದ್ದಳು. ಸಿದ್ಧವಾಗಿ ಸಿಗುವ ಒಳ್ಳೆಯ ಯಂತ್ರಕ್ಕೆ ಅದು ಸಾಲದು, ಬಿಡಿಭಾಗ ಆರಿಸಿ ಜೋಡಿಸಿಕೊಂಡರೆ ಸಾಕಾದೀತು. ಈ ಮಾತನ್ನು ಬೆಳಗಿನ ತಿಂಡಿಯ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿದ್ದೇ ಅವಳ ತಪ್ಪು. ಆ ಕ್ಷಣದಿಂದ ಅದು ಅವಳ ಕಂಪ್ಯೂಟರಾಗಿ ಉಳಿಯಲಿಲ್ಲ.

ಮೊದಲು ಕಿವಿ ನೆಟ್ಟಗಾದದ್ದು ತಮ್ಮನದು. ನೀರು ಶುದ್ಧ ಮಾಡುವ ಯಂತ್ರಗಳನ್ನು ಮಾರುವುದು ಅವನ ಹೊಟ್ಟೆಪಾಡು. ಮನೆಯವರು ಮಾತ್ರ ಅವನನ್ನು ‘ಪ್ರೊಫೆಸರ್’ ಎಂದೇ ಕರೆಯುತ್ತಿದ್ದರು. ಅದು ಗೇಲಿ ಎಂಬುದೊಂದು ಬಿಟ್ಟು ಉಳಿದೆಲ್ಲವೂ ಅವನಿಗೆ ಗೊತ್ತಿತ್ತು. ಕಂಪ್ಯೂಟರ್ ಜೋಡಿಸುವ ವಿಡಿಯೋಗಳನ್ನು ಅವನು ನೋಡಿದಷ್ಟು ಅವನ್ನು ಮಾಡಿದವರೂ ನೋಡಿರಲಿಕ್ಕಿಲ್ಲ. ಸ್ಕ್ರೂಡ್ರೈವರ್ ಹಿಡಿದದ್ದು ಒಂದೇ ಸಲ, ಕನ್ನಡಕದ ಕಡ್ಡಿ ಬಿಗಿ ಮಾಡಲು. ಆ ಕನ್ನಡಕ ಈಗ ಇಲ್ಲ.

ಎರಡನೆಯವನು ಗಂಡ, ಔಷಧಿ ಗೋದಾಮಿನ ಮೇಲ್ವಿಚಾರಕ. ಜಿಪುಣ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ಲೆಕ್ಕಾಚಾರದ ಮನುಷ್ಯ ಎಂದರೆ ಎದೆ ಉಬ್ಬುತ್ತಿತ್ತು. ಖಾಲಿಯಾದ ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಇನ್ನೊಂದು ವಾರ ಹಲ್ಲುಜ್ಜುವ ಪೈಕಿ.

“ಅಕ್ಕ, ತಗೊಂಡ್ರೆ ಮುಂದಿನ ಹತ್ತು ವರ್ಷ ಓಡೋ ಅಂಥದ್ದೇ ತಗೋಬೇಕು” ಎಂದ ಪ್ರೊಫೆಸರ್.

“ಮೊದಲು ಈ ತಿಂಗಳು ಓಡಲಿ. ಹತ್ತು ವರ್ಷದ ದುಡ್ಡು ಇವತ್ತೇ ಯಾಕೆ ಕೊಡ್ಬೇಕು?” ಎಂದ ಗಂಡ.

“ಭಾವ, ನಿಮಗೆ ಅರ್ಥ ಆಗಲ್ಲ ಬಿಡಿ. ತಂಪು ಮಾಡೋಕೆ ನೀರಿನ ವ್ಯವಸ್ಥೆ ಬೇಕು. ಕ್ಯಾಬಿನೆಟ್ಟು ಗಾಜಿಂದೇ ಆಗ್ಬೇಕು.”

“ಅಲ್ಲಪ್ಪ, ಕಂಪ್ಯೂಟರ್ ಇಡ್ತೀವೋ ಮೀನು ಸಾಕ್ತೀವೋ?”

“ನನ್ನ ಕೆಲಸಕ್ಕೆ ಏನು ಬೇಕು ಅಂತ ಯಾರಾದ್ರೂ ಕೇಳ್ತೀರಾ?” ಎಂದು ಅವಳು ನಡುವೆ ಬಾಯಿ ಹಾಕಿದಳು.

ತಮ್ಮನಿಗೆ ಪಶ್ಚಾತ್ತಾಪವಾದಂತೆ ಕಂಡಿತು. “ಹೌದಲ್ಲ. ಹೇಳಕ್ಕ, ಲೈಟು ಯಾವ ಬಣ್ಣದ್ದು ಬೇಕು?”

ಅಂಗಡಿಗೆ ಮೂವರೂ ಹೋದರು. ಮೆಟ್ಟಿಲ ಕೆಳಗಿನ ಉದ್ದ ಕೋಣೆ, ಎರಡೂ ಕಡೆ ಸೂರಿನವರೆಗೆ ರಟ್ಟಿನ ಪೆಟ್ಟಿಗೆ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ಅಂಗಡಿಯವನು ವಿನಯವೇ ಮೈವೆತ್ತಂತಿದ್ದ. ಗಿರಾಕಿ ಯಾವುದಕ್ಕೆ ಕೈ ತೋರಿಸಿದರೂ “ಸೂಪರ್ ಸಾರ್” ಎನ್ನುತ್ತಿದ್ದ. ತಮ್ಮ ಅವನ ಟೇಬಲ್ಲಿನ ಮೇಲಿದ್ದ ಊಟದ ಡಬ್ಬಿಗೆ ಕೈ ತೋರಿಸಿದ್ದರೂ ಅದನ್ನೇ ಹೇಳುತ್ತಿದ್ದನೇನೋ.

ಗಾಜಿನ ಕ್ಯಾಬಿನೆಟ್ಟು ಆರಿಸಿದ್ದಾಯಿತು. ಏಳು ಬಣ್ಣ ಬದಲಿಸುವ ಫ್ಯಾನುಗಳಾದವು. ನೀರಿನ ಕೊಳವೆಗಳೂ ಆದವು. ಬೆಲೆ ಕೇಳಿದಾಗಲೆಲ್ಲ ಗಂಡ ಯಾರೋ ಕುತ್ತಿಗೆ ಹಿಸುಕಿದಂತೆ ಕೆಮ್ಮುತ್ತಿದ್ದ. ಅವನ ಸಮಾಧಾನಕ್ಕೆ ತಮ್ಮ ಕೆಲವನ್ನು ಬಿಟ್ಟುಕೊಟ್ಟ, ಎಲ್ಲವೂ ಪೆಟ್ಟಿಗೆಯ ಒಳಗೆ ಯಾರ ಕಣ್ಣಿಗೂ ಬೀಳದಂಥವು. ಮೆಮೊರಿ ಅರ್ಧವಾಯಿತು. ಇಡೀ ಯಂತ್ರಕ್ಕೆ ಕರೆಂಟು ಹಂಚುವ ಪವರ್ ಸಪ್ಲೈ ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ್ದಾಯಿತು. ನಕ್ಷೆಯ ಮನೆಯನ್ನು ಸಲೀಸಾಗಿ ತಿರುಗಿಸಿ ತೋರಿಸುವ ಗ್ರಾಫಿಕ್ಸ್ ಕಾರ್ಡನ್ನು ಕೈಬಿಡಲಾಯಿತು.

“ನನಗೆ ಬೇಕಾಗಿರೋದೇ ಅದು ಕಣೋ” ಎಂದಳು ಅಕ್ಕ.

“ಆಮೇಲೆ ಹಾಕ್ಕೊಳ್ಳೋಣಕ್ಕ. ಜಾಗ ಹೇಗೂ ಇದೆ, ಎಲ್ಲಿ ಹೋಗುತ್ತೆ?”

ಉಳಿದದ್ದು ಯಂತ್ರದ ಮಿದುಳು, ಪ್ರೊಸೆಸರ್. ಅಂಗಡಿಯವನು ಎರಡು ಡಬ್ಬಿ ತಂದಿಟ್ಟ. ಒಂದೇ ಬಣ್ಣ, ಒಂದೇ ಅಂಕಿ. ಒಂದರ ಹೆಸರಿನ ಕೊನೆಗೆ ಮಾತ್ರ ಇನ್ನೊಂದು ಅಕ್ಷರ ಅಂಟಿಕೊಂಡಿತ್ತು, ಅದರ ಬೆಲೆಯೂ ಸ್ವಲ್ಪ ಕಡಿಮೆ. ಗಂಡನ ಕಣ್ಣು ಹೊಳೆಯಿತು. “ಒಂದಕ್ಷರ ಜಾಸ್ತಿ ಕೊಟ್ಟು ದುಡ್ಡು ಕಡಿಮೆ ತಗೋತಾರೆ! ಇದನ್ನೇ ಕೊಡಿ.”

ತಮ್ಮ ಡಬ್ಬಿಯನ್ನು ತಿರುಗಿಸಿ ನೋಡಿ, ಗೊತ್ತಿರುವವರಂತೆ ತಲೆಯಾಡಿಸಿದ. “ಎರಡೂ ಒಂದೇ ಭಾವ.”

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದು, “ಸೂಪರ್ ಸಾರ್” ಎಂದು ಮುಚ್ಚಿದ.

ಜೋಡಣೆ ಮನೆಯ ಊಟದ ಮೇಜಿನ ಮೇಲೆ ನಡೆಯಿತು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ವಿಡಿಯೋ ನೋಡುತ್ತ, ನಿಲ್ಲಿಸುತ್ತ, ಹಿಂದಕ್ಕೆ ಓಡಿಸುತ್ತ, ತಮ್ಮ ಇಡೀ ಭಾನುವಾರವನ್ನು ಅದಕ್ಕೆ ಅರ್ಪಿಸಿದ. ಕೆಳಗೆ ಬಿದ್ದ ತಿರುಪುಗಳನ್ನು ಭಾವ ಹೆಕ್ಕಿ ಕೊಡುತ್ತಿದ್ದ. ಕೊನೆಗೆ ಮೂರು ತಿರುಪು ಮಿಕ್ಕವು, ಅವನ್ನು ಗಂಡ ಜೋಪಾನವಾಗಿ ಎತ್ತಿಟ್ಟ. ಗುಂಡಿ ಒತ್ತಿದರು. ಫ್ಯಾನು ತಿರುಗಿತು, ನೀರು ಗುಳುಗುಳು ಎಂದಿತು, ಕೆಂಪು ಹಸಿರು ನೇರಳೆ ಬೆಳಕು ಗೋಡೆಯ ತುಂಬ ಕುಣಿಯಿತು. ಇಬ್ಬರೂ ಕೈ ಕುಲುಕಿಕೊಂಡರು.

ಪರದೆ ಮಾತ್ರ ಕಪ್ಪಾಗಿತ್ತು. ಒಂದೇ ಒಂದು ಚುಕ್ಕೆಯೂ ಇಲ್ಲ.

ಮೊದಲು ಪರದೆಯನ್ನು ಬೈದರು, ಆಮೇಲೆ ವೈರನ್ನು, ಆಮೇಲೆ ಮನೆಯ ಕರೆಂಟನ್ನು. ಕೊನೆಗೆ ಗಂಡ ಅವಳ ಕಡೆ ತಿರುಗಿ, “ನೀನು ಏನಾದ್ರೂ ಮುಟ್ಟಿದ್ಯಾ?” ಎಂದ. ಅವಳು ಅಂಗಡಿಗೆ ಫೋನು ಹಚ್ಚಿದಳು.

“ಹೌದು ಮೇಡಂ, ಆ ಅಕ್ಷರ ಇದ್ರೆ ಅದ್ರಲ್ಲಿ ಚಿತ್ರ ಬರಲ್ಲ” ಎಂದ ಅಂಗಡಿಯವನು, ಇದು ಎಲ್ಲರಿಗೂ ಗೊತ್ತಿರುವ ವಿಷಯ ಎಂಬಂತೆ. “ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕ್ಲೇಬೇಕು. ಅವತ್ತೇ ಹೇಳೋಣ ಅಂದ್ಕೊಂಡೆ. ಸಾರ್ ಅಷ್ಟೊಂದು ತಿಳ್ಕೊಂಡೋರ ಥರ ಮಾತಾಡ್ತಿದ್ರು, ಬೇಜಾರಾಗ್ತಾರೇನೋ ಅಂತ ಸುಮ್ಮನಾದೆ.”

ಅವಳು ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದಳು. ತಿಳಿದುಕೊಂಡವನ ಮುಖ ಸಪ್ಪಗಾಯಿತು. ಲೆಕ್ಕಾಚಾರದವನಿಗೆ ಥಟ್ಟನೆ ಬಾಲ್ಕನಿಯ ಗಿಡಗಳಿಗೆ ನೀರು ಹಾಕುವುದು ನೆನಪಾಯಿತು.

ಮಾರನೆಯ ದಿನ ಎಲ್ಲವನ್ನೂ ಆಟೋಗೆ ಹಾಕಿಕೊಂಡು ಅವಳೊಬ್ಬಳೇ ಹೋದಳು. ಜೊತೆಗೆ ಬರುತ್ತೇನೆಂದ ಇಬ್ಬರಿಗೂ “ದಯವಿಟ್ಟು ಮನೇಲಿರಿ” ಎಂದಿದ್ದಳು. ಅದರಲ್ಲಿ ದಯೆ ಕಡಿಮೆ ಇತ್ತು.

“ಪೆಟ್ಟಿಗೆ ತೆರೆದ ಮಾಲು ವಾಪಸ್ ತಗೊಳ್ಳಲ್ಲ ಮೇಡಂ.”

“ಬೇಡ ಬಿಡಿ. ಚಿತ್ರ ಬರಲ್ಲ ಅಂತ ಗೊತ್ತಿದ್ದೂ ಮಾರಿದ್ರಿ ಅಂತ ಬಂದವರಿಗೆಲ್ಲ ಇಲ್ಲೇ ನಿಂತು ಹೇಳ್ತೀನಿ. ನಿಧಾನವಾಗಿ ಹೇಳ್ತೀನಿ. ನನಗೇನು ಅವಸರ? ಕೆಲಸ ಮಾಡೋಕೆ ಕಂಪ್ಯೂಟರೇ ಇಲ್ಲವಲ್ಲ.”

ಅಂಗಡಿಯವನು ಸ್ಟೂಲು ಎಳೆದು ಹಾಕಿದ. ಅವಳು ಚೀಲದಿಂದ ಪೆನ್‌ಡ್ರೈವ್ ತೆಗೆದಳು. ಹಳೆಯ ಯಂತ್ರ ಕೆಡುವ ಮುಂಚೆಯೇ ನಕಲು ತೆಗೆದಿಟ್ಟಿದ್ದ ದಂತವೈದ್ಯೆಯ ಮನೆ ಅದರಲ್ಲಿ ಇತ್ತು, ಅವಳು ಬರೆದುದರಲ್ಲೆಲ್ಲ ಭಾರದ್ದು. ಅಂಗಡಿಯ ಯಂತ್ರದಲ್ಲಿ ಒಂದೊಂದೇ ಕಾರ್ಡು ಹಾಕಿಸಿ, ಸುರುಳಿ ಮೆಟ್ಟಿಲನ್ನು ಗರಗರ ತಿರುಗಿಸಿ ನೋಡಿದಳು. ಅಗ್ಗದ್ದು ಮುಗ್ಗರಿಸಿತು. ಅದಕ್ಕಿಂತ ಮೇಲಿನದು ಸಲೀಸಾಗಿ ಹತ್ತಿ ಇಳಿಯಿತು. ಎಲ್ಲಕ್ಕಿಂತ ದುಬಾರಿಯದೂ ಅಷ್ಟೇ ಸಲೀಸಾಗಿ ಹತ್ತಿ ಇಳಿಯಿತು, ಹೆಚ್ಚೇನೂ ಮಾಡಲಿಲ್ಲ.

“ದೊಡ್ಡದು ತಗೊಳ್ಳಿ ಮೇಡಂ, ಸೂಪರ್.”

“ಮೆಟ್ಟಿಲು ಎರಡರಲ್ಲೂ ಅಷ್ಟೇ ಇವೆ. ನಡುವಿನದು ಸಾಕು.”

ಗಾಜು, ನೀರು, ಬಣ್ಣ ಎಲ್ಲವೂ ಅಂಗಡಿಗೆ ಮರಳಿದವು. ಬದಲಿಗೆ ಆ ಕಾರ್ಡು, ಬಿಟ್ಟುಹೋದ ಅರ್ಧ ಮೆಮೊರಿ, ಗಟ್ಟಿಮುಟ್ಟಾದ ಪವರ್ ಸಪ್ಲೈ, ಒಂದು ಮಾಮೂಲಿ ಫ್ಯಾನು, ನೋಡಿದರೆ ಮರೆತುಹೋಗುವಂಥ ಕಪ್ಪು ತಗಡಿನ ಕ್ಯಾಬಿನೆಟ್ಟು ಬಂದವು. ವಾಪಸಾತಿಯಲ್ಲಿ ಅಂಗಡಿಯವನು ಮುರಿದುಕೊಂಡ ಹಣದ ಮುಂದೆ ಗಂಡನ ಉಳಿತಾಯ ಚಿಲ್ಲರೆ ಕಾಸು. ಅವನು ಎಲ್ಲವನ್ನೂ ಅಲ್ಲೇ ಜೋಡಿಸಿ, ಪರದೆಯ ಮೇಲೆ ಚಿತ್ರ ಬರುವವರೆಗೆ ಅವಳು ಸ್ಟೂಲು ಬಿಟ್ಟು ಏಳಲಿಲ್ಲ.

ಯಂತ್ರ ಮನೆಗೆ ಬಂದಾಗ ತಮ್ಮ ಅದರ ಸುತ್ತ ಒಂದು ಸುತ್ತು ಹಾಕಿ, “ಶೂ ಡಬ್ಬಿ ಥರ ಇದೆಯಲ್ಲಕ್ಕ” ಎಂದು ನೊಂದುಕೊಂಡ. ಆದರೂ ಒಂದೆರಡು ವಾರದಲ್ಲೇ ಚಿಕ್ಕಪ್ಪನ ಮಗಳಿಗೆ ಫೋನಿನಲ್ಲಿ, “ಆ ಅಕ್ಷರ ಇರೋದು ಮಾತ್ರ ತಗೋಬೇಡ. ಅಕ್ಕನ ಕಂಪ್ಯೂಟರ್ ಕಟ್ಟುವಾಗ ನಾನೇ ಕಂಡುಹಿಡಿದೆ” ಎನ್ನುತ್ತಿದ್ದುದು ಪಕ್ಕದ ಕೋಣೆಯಲ್ಲಿದ್ದ ಅವಳಿಗೆ ಕೇಳಿಸಿತು. ಕಂಡುಹಿಡಿದದ್ದು ಸುಳ್ಳೇನಲ್ಲ ಎಂದುಕೊಂಡು ಅವಳು ಕೆಲಸ ಮುಂದುವರಿಸಿದಳು.

ದಂತವೈದ್ಯೆ ಒಂದು ಸಂಜೆ ಮನೆ ನೋಡಲು ಬಂದಳು. ಮೆಟ್ಟಿಲು ಹತ್ತಿದಳು, ಮಹಡಿಯ ಕಿಟಕಿಯಿಂದ ಹೊರಗೆ ಇಣುಕಿದಳು, ಅಡುಗೆಮನೆಯ ಗೋಡೆಯನ್ನು ಒಂದು ಅಡಿ ಆ ಕಡೆ ತಳ್ಳಿಸಿದಳು. ಎಲ್ಲವೂ ಕೂತ ಕುರ್ಚಿಯಲ್ಲೇ. ಕಾಫಿ ತಂದ ಗಂಡ ಲೋಟ ಹಿಡಿದವನು ಹಾಗೇ ನಿಂತುಬಿಟ್ಟ. ಅಷ್ಟು ವರ್ಷ ಅವನು ನೋಡಿದ್ದು ಹೆಂಡತಿಯ ಬೆನ್ನು ಮತ್ತು ಕರೆಂಟ್ ಬಿಲ್ಲು.

ವೈದ್ಯೆ ಹೋದ ಮೇಲೆ ಮೆಲ್ಲಗೆ ಕೇಳಿದ, “ಇಷ್ಟು ದಿನ ನೀನು ಮಾಡ್ತಿದ್ದಿದ್ದು ಇದೇನಾ?”

“ಇದೇ.”

“ನನಗೆ ಒಂದ್ಸಲಾನೂ ತೋರಿಸ್ಲಿಲ್ಲ.”

“ನೀವು ಕೇಳ್ಲಿಲ್ಲ.” ಅವಳು ಪಕ್ಕದ ಕುರ್ಚಿ ಎಳೆದಳು. “ಕೂತ್ಕೊಳ್ಳಿ. ಈ ಮಲಗೋ ಕೋಣೆ ಬಾಗಿಲು ಯಾವ ಕಡೆ ತೆಗೆದ್ರೆ ಚೆನ್ನಾಗಿರುತ್ತೆ ಹೇಳಿ ನೋಡೋಣ.”

ಅವನು ಕೂತ. ಪರದೆಯ ಹತ್ತಿರಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ, ತುಂಬ ಹೊತ್ತು ಯೋಚಿಸಿದ.

“ಬಾಗಿಲು ಬೇಕಾ? ಒಂದು ಪರದೆ ಇಳಿಬಿಟ್ರೆ ಸಾಲ್ದಾ?”

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಗಂಭೀರವಾಗಿಯೇ ಕೇಳಿದ್ದ.