ಅಮ್ಮ ಹಗ್ಗ ದಾಟಿದ ಸಂಜೆ

"ಹೋಗೋದಾದ್ರೆ ಎಲ್ಲರೂ ಹೋಗೋಣ. ನೀನೊಬ್ಬನೇ ಹೋಗೋ ಹಾಗಿಲ್ಲ" ಎಂದು ಅಪ್ಪ ಹೇಳಿದಾಗ ಅಣ್ಣ ಜಗನ್ನಾಥನ ಮುಖ ಸಪ್ಪಗಾಯಿತು. ಆದರೆ ಅಪ್ಪ ಎಲ್ಲಿ ಮನಸ್ಸು ಬದಲಿಸಿಬಿಡುತ್ತಾರೋ ಎಂದು ತಕ್ಷಣ ಒಪ್ಪಿಕೊಂಡ.

ಅದು ೧೯೭೪ರ ಡಿಸೆಂಬರ್. ರಾಜಾಜಿನಗರದಲ್ಲಿ ಅಣ್ಣ ಓದುತ್ತಿದ್ದ ಕಾಲೇಜಿನ ಮೈದಾನಕ್ಕೆ ಮದರಾಸಿನ ರಾಕ್ ತಂಡವೊಂದು ಬರುತ್ತಿತ್ತು. ನಾನು ಆಗ ಎಸ್ಸೆಸ್ಸೆಲ್ಸಿ. ಅಣ್ಣ ರೇಡಿಯೋಗೆ ಕಿವಿ ಅಂಟಿಸಿಕೊಂಡು ತಲೆ ಕುಣಿಸುತ್ತಿದ್ದನಲ್ಲ, ರಾಕ್ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಅಮ್ಮನನ್ನು ಕರೆದೊಯ್ಯುವುದು ಮಾತ್ರ ನನಗೆ ಕಸಿವಿಸಿ. ಆರು ವರ್ಷದ ಹಿಂದೆ ವಿಷಮಜ್ವರ ಬಂದು ಅವಳ ಕಿವಿ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ನಮ್ಮ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಮೊದಲೆಲ್ಲ ಅಪ್ಪ, ಅಮ್ಮ ಒಂದು ಸಂಗೀತ ಕಚೇರಿಯನ್ನೂ ಬಿಟ್ಟವರಲ್ಲ. ಜ್ವರ ಬಂದುಹೋದ ಮೇಲೆ, ಪಕ್ಕದವರು ತಲೆದೂಗಿದಾಗ ನೋಡಿಕೊಂಡು ಅಮ್ಮನೂ ತಲೆದೂಗುವುದು ಒಮ್ಮೆ ಅಪ್ಪನ ಕಣ್ಣಿಗೆ ಬಿತ್ತು. ಅಂದಿನಿಂದ ಅವರೂ ಹೋಗುವುದು ನಿಲ್ಲಿಸಿದರು.

"ನಂಗೇನು ಕೇಳತ್ತೆ? ನೀವು ಹೋಗ್ಬನ್ನಿ" ಎಂದಳು ಅಮ್ಮ.

"ಜನಾನಾದ್ರೂ ನೋಡ್ಬಹುದು ಬಾ, ಸೀತಾ" ಎಂದರು ಅಪ್ಪ.

ಭಾನುವಾರ ನಾಲ್ಕು ಗಂಟೆಗೆ ಹೊಸಹಳ್ಳಿಯಿಂದ ಬಸ್ಸು ಹಿಡಿದೆವು. ಮೈದಾನದ ತುಂಬ ಬೆಲ್‌ಬಾಟಂ, ಉದ್ದ ಕೂದಲು. ನಡುವೆ ಪಂಚೆ, ಕೋಟು ತೊಟ್ಟ ನಮ್ಮಪ್ಪ ಸೇತುರಾಮಯ್ಯ. "ಮಚ್ಚಾ, ಹರಿಕಥೆ ಅಂದ್ಕೊಂಡು ಬಂದಿದಾರೆ ಕಣೋ" ಎಂದು ಯಾರೋ ನಕ್ಕರು. ಅಣ್ಣನ ಕಿವಿ ಕೆಂಪಾಯಿತು.

ಕೊನೆಯ ಸಾಲಿನಲ್ಲಿ ಕುಳಿತೆವು. ಗಿಟಾರು ಕಿರುಚಿದ್ದೇ ಅಪ್ಪ ಎರಡೂ ಕಿವಿ ಮುಚ್ಚಿಕೊಂಡರು. ಹಿಂದೆಯೇ ಡ್ರಮ್ಮು ಶುರುವಾಯಿತು. ಕುರ್ಚಿಯ ಕಾಲು ಅದುರಿತು, ನನ್ನ ಹಲ್ಲೂ ಅದುರಿದಂತಾಯಿತು. ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಪಂಕಜಾ, ಕೇಳ್ತಾ ಇದೆ ಕಣೇ!"

"ಏನಮ್ಮಾ?"

"ಗೊತ್ತಿಲ್ಲ. ಇಲ್ಲಿ ಕೇಳ್ತಾ ಇದೆ" ಎಂದು ಎದೆ ಮುಟ್ಟಿ ತೋರಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆಯ ಕಡೆ ನಡೆದೇಬಿಟ್ಟಳು. ನಾವು ಮೂವರೂ ಹಿಂದೆ ಓಡಿದೆವು. ಅಮ್ಮ ಹೇಳಿದ್ದನ್ನು ಓಡುತ್ತಲೇ ಅಪ್ಪನಿಗೆ ಕೂಗಿ ಹೇಳಿದೆ.

ವೇದಿಕೆಯ ಮುಂದೆ ಹಗ್ಗ ಕಟ್ಟಿತ್ತು. "ಇಲ್ಲಿಂದ ಮುಂದೆ ಬಿಡಲ್ಲ, ಆಂಟಿ" ಎಂದು ಸ್ವಯಂಸೇವಕನೊಬ್ಬ ಕೈ ಅಡ್ಡ ಹಿಡಿದ. ಯಾರ ಹತ್ತಿರವೂ ಏನನ್ನೂ ಕೇಳದ ಅಪ್ಪ ಅವನ ಮುಂದೆ ಕೈ ಜೋಡಿಸಿ ಕೂಗಿದರು: "ಬಿಡಿ ಸಾರ್! ಅವಳಿಗೆ ಕಿವಿ ಕೇಳ್ಸಲ್ಲ. ಆರು ವರ್ಷ ಆದ್ಮೇಲೆ ಈಗ ಕೇಳ್ತಾ ಇದೆಯಂತೆ!"

ಅಷ್ಟರಲ್ಲಿ ಹಾಡು ನಿಂತಿತ್ತು. ಅಪ್ಪನ ಕೂಗು ಮುಂದಿನ ಸಾಲುಗಳಿಗೆಲ್ಲ ಕೇಳಿಸಿತು. ಹುಡುಗ ಹಗ್ಗ ಎತ್ತಿ ಹಿಡಿದ.

ಆಳೆತ್ತರದ ಕಪ್ಪು ಸ್ಪೀಕರ್ ಪೆಟ್ಟಿಗೆಗೆ ಅಮ್ಮ ಎರಡೂ ಅಂಗೈ ಒತ್ತಿ ನಿಂತಳು. ಡ್ರಮ್ಮಿನವನು ಅವಳನ್ನೇ ನೋಡುತ್ತ ಹೊಸ ಹಾಡು ಶುರುಮಾಡಿದ. ಅಮ್ಮ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಬಲಗೈ ಕೆಳಗಿಳಿದು ತೊಡೆಯ ಮೇಲೆ ತಾಳ ಹಾಕತೊಡಗಿತು.

"ಆದಿತಾಳಾನಾ?" ಅಪ್ಪ ಅವಳ ಭುಜ ತಟ್ಟಿ, ಅವಳು ಕಣ್ಣು ಬಿಟ್ಟಾಗ ತುಟಿ ಅಗಲಿಸಿ ಕೇಳಿದರು.

"ಅದ್ರ ಹಾಗೇ ಎಂಟೇ ಎಣಿಕೆ ರೀ. ಆದ್ರೆ ಪೆಟ್ಟು ಬೀಳೋದು ಬೇರೆ ಕಡೆ. ನೋಡಿ, ಹೀಗೆ!" ಎಂದು ಅವರ ಕೈಯನ್ನು ಪೆಟ್ಟಿಗೆಯ ಮೇಲಿಟ್ಟು, ಅದರ ಮೇಲೆ ತನ್ನ ಬೆರಳಿನಿಂದ ಬಡಿದು ತೋರಿಸಿದಳು. ಅಪ್ಪ ಎರಡು ಸಲ ತಪ್ಪಿದರು. ಮೂರನೆಯ ಸಲ ಸಿಕ್ಕಿತು. ಸಿಕ್ಕಿದ್ದೇ ಜೋರಾಗಿ ನಕ್ಕರು. ಅಪ್ಪ ಹಾಗೆ ನಗುವುದನ್ನು ನಾನು ಮರೆತೇಬಿಟ್ಟಿದ್ದೆ. ಅಣ್ಣ ಪಕ್ಕದಲ್ಲೇ ಕುಣಿಯತೊಡಗಿದ. ಜಡೆ ಬಿಚ್ಚಿಹೋದದ್ದೂ ಗೊತ್ತಾಗದಂತೆ ನಾನೂ ಕುಣಿದೆ.

ಬಸ್ ನಿಲ್ದಾಣಕ್ಕೆ ನಡೆಯುವಾಗ ಅಮ್ಮನೇ ಎಲ್ಲರಿಗಿಂತ ಮುಂದಿದ್ದಳು. ಬೀದಿದೀಪದ ಕೆಳಗೆ ತಟ್ಟನೆ ನಿಂತು ಅಣ್ಣನ ಕಡೆ ತಿರುಗಿದಳು.

"ಜಗ್ಗು, ಹಾಡು ಮಾತ್ರ ಕೇಳಿಸ್ಲಿಲ್ಲ. ಏನಂತ ಹಾಡಿದ್ರೋ?"

ಅಣ್ಣ ತಲೆ ಕೆರೆದುಕೊಂಡ. "ನಂಗೂ ಒಂದಕ್ಷರ ಅರ್ಥ ಆಗಲ್ಲಮ್ಮಾ!"