ಭಾವನ ಹುಲ್ಲು

ಒಣಹುಲ್ಲನ್ನು ಇಟ್ಟಿಗೆಯಂತೆ ಒತ್ತಿ, ಕಂಟೇನರಿಗೆ ತುಂಬಿ ಹಡಗು ಹತ್ತಿಸುವುದು ಭಾವನ ವ್ಯಾಪಾರ. ಹಡಗು ಹತ್ತುವ ಮುನ್ನ ಆ ಹುಲ್ಲಿನೊಳಗಿನ ಹುಳ ಸಾಯಿಸುವುದು ಬಾಮೈದನ ಕೆಲಸ. ಅದಕ್ಕೆ ಬೇಕಾದ ಪರವಾನಗಿ ಇದ್ದದ್ದು ಅವನೊಬ್ಬನಿಗೇ. ಹುಲ್ಲು ತುಂಬುವ ಅಂಗಳದ ಹಮಾಲರು ಅವನನ್ನು ‘ಯಮಣ್ಣ’ ಎನ್ನುತ್ತಿದ್ದರು. ಮಾಸ್ಕ್ ಹಾಕಿಕೊಂಡು ಒಳಗೆ ವಿಷದ ಗುಳಿಗೆ ಇಟ್ಟು, ಬಾಗಿಲಿನ ಸಂದುಗೊಂದಿಗೆಲ್ಲ ಟೇಪು ಮೆತ್ತಿ ಬಂದನೆಂದರೆ, ಊಟಕ್ಕೂ ಯಾರೂ ಅವನ ಪಕ್ಕ ಕೂರುತ್ತಿರಲಿಲ್ಲ.

ಅಕ್ಕ ಮಾತ್ರ ಕೂರುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಗಂಡನ ಅಂಗಳದಲ್ಲಿ ಕೆಲಸ ಕೊಡಿಸಿದವಳೂ ಅವಳೇ.

ಆ ಸಲ ಚಳಿ ಹೆಚ್ಚಿತ್ತು. ಚಳಿಯಲ್ಲಿ ಗುಳಿಗೆ ಅನಿಲವಾಗುವುದೂ ನಿಧಾನ, ಹುಳ ಅದನ್ನು ಉಸಿರಾಡುವುದೂ ನಿಧಾನ. ಅದರಲ್ಲೂ ಹುಲ್ಲುಕಡ್ಡಿಯ ಗೆಣ್ಣಿಗೆ ಅಗಸೆ ಬೀಜದಂತೆ ಅಂಟಿಕೊಂಡ ನೊಣದ ಗೂಡಿನೊಳಗಿನ ಹುಳ ಸುಲಭಕ್ಕೆ ಸಾಯುವಂಥದಲ್ಲ. ತಾನು ಹೇಳುವವರೆಗೆ ಬಾಗಿಲು ಮುಟ್ಟಕೂಡದೆಂದು ಎಚ್ಚರಿಸಿ ಹೋದವನು ಜ್ವರ ಬಂದು ಮಲಗಿದ. ಎದ್ದು ಬಂದು ನೋಡಿದರೆ ಕಂಟೇನರುಗಳ ಬಾಗಿಲು ಹಾರುಹೊಡೆದಿತ್ತು. ಕಿತ್ತ ಟೇಪು ನೆಲದ ಮೇಲೆ ಸುರುಳಿ ಸುತ್ತಿ ಬಿದ್ದಿತ್ತು.

“ಯಾರು ತೆಗೆದಿದ್ದು ಭಾವ?”

“ನಾನೇ ತೆಗೆಸಿದೆ,” ಎಂದ ಭಾವ, ಕುರ್ಚಿಯಿಂದ ಏಳದೆ. “ಹಡಗು ಬೇಗ ಹೊರಡುತ್ತಂತೆ. ನಿನ್ನ ಹುಳ ಸಾಯೋವರೆಗೆ ಅದು ಕಾಯುತ್ತಾ?”

“ಅರ್ಧ ಕೂಡ ಸತ್ತಿರಲ್ಲ. ಮತ್ತೆ ಮುಚ್ಚಬೇಕು.”

“ಸಮುದ್ರದ ಮೇಲೆ ಸಾಯ್ತವೆ ಬಿಡು. ಅವಕ್ಕೇನು ಈಜು ಬರುತ್ತಾ?” ತನ್ನ ಮಾತಿಗೆ ತಾನೇ ನಕ್ಕು ಭಾವ, ಹುಳವೆಲ್ಲ ಸತ್ತಿದೆಯೆಂಬ ಪ್ರಮಾಣಪತ್ರವನ್ನು ಸಹಿಗಾಗಿ ಮುಂದೆ ತಳ್ಳಿದ.

ಬಾಮೈದ ಕೈ ಹಿಂದೆ ಕಟ್ಟಿ ನಿಂತ. ಮನೆ ಪಕ್ಕದಲ್ಲೇ ಇತ್ತು. ಭಾವ ಕೂಗಿದ್ದಕ್ಕೆ ಅಕ್ಕ ಒದ್ದೆ ಕೈಯಲ್ಲೇ ಬಂದಳು. ಮುಖ ಬಿಳಿಚಿಕೊಂಡಿತ್ತು.

“ಸೈನ್ ಹಾಕೋ. ಈ ಲೋಡು ನಿಂತ್ರೆ ಗಿರಾಕಿ ಕೈತಪ್ಪಿ ಹೋಗ್ತಾನೆ. ನನ್ನ ಮುಖ ನೋಡಿಯಾದ್ರೂ ಹಾಕು.”

ಅವಳ ಮುಖ ನೋಡಿ ಅವನು ಸಹಿ ಹಾಕಿದ.

ಆಚೆಯ ಬಂದರಿನಲ್ಲಿ ಹುಲ್ಲು ಬಿಚ್ಚಿದವರ ಕಣ್ಣೆದುರೇ ನೊಣವೊಂದು ಗೂಡೊಡೆದು ಹಾರಿತಂತೆ. ಹುಲ್ಲನ್ನೆಲ್ಲ ಅಲ್ಲೇ ಸುಟ್ಟರು. ಇತ್ತ ಅಂಗಳಕ್ಕೆ ವಿಚಾರಣೆಗೆಂದು, ಹೊರದೇಶಕ್ಕೆ ಹೋಗುವ ಸರಕಿನಲ್ಲಿ ಹುಳ-ರೋಗ ತಪಾಸಿಸುವ ಕ್ವಾರಂಟೈನ್ ಅಧಿಕಾರಿ ಬಂದಳು.

“ಗ್ಯಾಸಿನ ವಿಷಯವೆಲ್ಲ ಅವನದೇ ಮೇಡಂ. ನಮಗೇನು ತಿಳಿಯುತ್ತೆ?” ಎಂದು ಭಾವ ಕೈ ತೊಳೆದುಕೊಂಡ.

“ಸುಳ್ಳು. ನಾನು ಜ್ವರದಲ್ಲಿದ್ದಾಗ ಬಾಗಿಲು ತೆಗೆಸಿದ್ದಾರೆ. ಬೇಕಾದ್ರೆ ಅಕ್ಕನ್ನ ಕೇಳಿ, ಅಡುಗೆಮನೆ ಕಿಟಕಿಯಿಂದ ಎಲ್ಲ ಕಾಣುತ್ತೆ.”

ಅಧಿಕಾರಿ ಅಕ್ಕನತ್ತ ತಿರುಗಿದಳು. ಅಕ್ಕ ಗಂಡನನ್ನೂ ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ.

“ನಾನು ನೋಡ್ಲಿಲ್ಲ,” ಎಂದಳು.

ಹಮಾಲರ ಬಾಯಿಗೂ ಬೀಗ ಬಿದ್ದಿತ್ತು.

“ಬಾಗಿಲು ಮೊದಲೇ ತೆಗೆದಿದ್ರು ಅಂತ ಗೊತ್ತಿದ್ದೂ ಸಹಿ ಯಾಕೆ ಹಾಕಿದ್ರಿ?” ಎಂದು ಅಧಿಕಾರಿ ಕೇಳಿದಳು. ಅವನು ಅಕ್ಕನ ಮುಖ ನೋಡಿದ.

ಪರವಾನಗಿ ರದ್ದಾಯಿತು. ಭಾವ ಬೇರೊಬ್ಬ ಗ್ಯಾಸಿನವನನ್ನು ತಂದ; ಅಂಗಳ ಎಂದಿನಂತೆ ನಡೆಯಿತು. ಇವನು ಊರಿನ ಇನ್ನೊಂದು ತುದಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದು ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರತೊಡಗಿದ.

ಬೇಸಿಗೆಯಲ್ಲಿ ಒಂದು ದಿನ ಅಕ್ಕ ಹುಡುಕಿಕೊಂಡು ಬಂದಳು. ಅವನು ಚಹಾ ಮಾಡಿಕೊಟ್ಟ.

“ಲೋಡಿಂಗ್ ನೋಡ್ಕೊಳ್ಳೋಕೆ ಜನ ಬೇಕಂತೆ. ನಿಮ್ಮ ಭಾವನೇ ಕಳಿಸಿದ್ರು. ಬಾರೋ.”

“ಆವತ್ತು ನೀನು ನಿಜವಾಗ್ಲೂ ನೋಡಿರ್ಲಿಲ್ವಾ?”

“ನೋಡೋದೇನು ಬಂತು? ಟೇಪು ಕಿತ್ತಿದ್ದೇ ನಾನು,” ಎಂದಳು ಅಕ್ಕ. “ಹಮಾಲ್ರು ಹತ್ತಿರ ಹೋಗಲ್ಲ ಅಂದ್ರು. ನೀನು ಹೋಗು ಅಂದ್ರು ಇವರು.”

“ಆ ಗಾಳಿ ಕುಡಿದಿದ್ರೆ ಸತ್ತೇ ಹೋಗ್ತಿದ್ದೆ ಅಕ್ಕ!”

“ವಾಂತಿ ಆಯ್ತು. ಉಸಿರು ಕಟ್ಟಿದ ಹಾಗಾಯ್ತು. ಸಾಯ್ಲಿಲ್ಲ.”

“ಅಂಥವನ ಪರವಾಗಿ ಹೇಳಿದ್ಯಲ್ಲ?”

“ನಿನಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಹೇಗೋ ಬದುಕ್ಕೋತೀಯ ಅನ್ಕೊಂಡೆ. ನಾನು ಎಲ್ಲಿಗೆ ಹೋಗ್ಲಿ ಹೇಳು?”

ಇಲ್ಲಿಗೇ ಬಾ ಎನ್ನುವ ಮಾತು ಅವನ ಗಂಟಲವರೆಗೆ ಬಂತು. ‘ನಾನು ನೋಡ್ಲಿಲ್ಲ’ ಎಂದಿದ್ದ ಆ ದನಿ ನೆನಪಾಗಿ ಅಲ್ಲೇ ನಿಂತಿತು.

ಬಸ್‌ಸ್ಟಾಪಿನವರೆಗೆ ಜೊತೆಗೆ ಹೋದ. ಬಸ್ಸು ಬಂದಾಗ ಅಕ್ಕ ಮೆಟ್ಟಿಲು ಹತ್ತುತ್ತ, “ಹೋಗ್ತೀನಿ ಕಣೋ,” ಎಂದಳು.

‘ಬರ್ತೀನಿ ಅನ್ನು’ ಎಂದು ಅವನು ತಿದ್ದಲಿಲ್ಲ.