ಆಷ್‌ಟ್ರೇಯಲ್ಲಿ ಉಳಿದ ಕೀಲಿಕೈ

ನಮ್ಮ ಮೊಂಟಾನಾ ಬಯಲಿನಲ್ಲಿ ಸತ್ತ ದನವನ್ನು ಅಂದೇ ಹೂಳುತ್ತಾರೆ. ಸತ್ತ ವಾಹನವನ್ನು ಮಾತ್ರ ಯಾರೂ ಹೂಳುವುದಿಲ್ಲ. ಗಾಳಿ ತಡೆಯಲೆಂದು ನೆಟ್ಟ ಮರಗಳ ಹಿಂದಕ್ಕೆ ತಳ್ಳಿ, "ಯಾವತ್ತಾದ್ರೂ ಬಿಡಿಭಾಗಕ್ಕೆ ಆಗುತ್ತೆ" ಎನ್ನುತ್ತಾರೆ. ಆ ಯಾವತ್ತೋ ಒಂದು ದಿನ ಬರುವಷ್ಟರಲ್ಲಿ ಹುಲ್ಲು ಕಿಟಕಿಯನ್ನು ಮುಟ್ಟಿರುತ್ತದೆ.

ವರ್ನಾ ಮತ್ತು ಆಕೆಯ ಗಂಡ ಓಡೆಲ್ ಅವರ ಹಿತ್ತಲಿನಲ್ಲಿಯೂ ನೀಲಿ ಬಣ್ಣದ ಪಿಕಪ್ ಒಂದು ಹತ್ತೊಂಬತ್ತು ವರ್ಷಗಳಿಂದ ನಿಂತಿತ್ತು. ಅದು ವರ್ನಾಳ ತಮ್ಮ ಕ್ಲಿಫ್‌ನದು. ಎಣ್ಣೆಬಾವಿಯ ಕೆಲಸಕ್ಕೆಂದು ಉತ್ತರ ಡಕೋಟಾಕ್ಕೆ ಹೊರಟ ದಿನ, "ಕ್ರಿಸ್‌ಮಸ್ಸಿಗೆ ಬಂದು ತಗೊಂಡ್ ಹೋಗ್ತೀನಿ ಅಕ್ಕ" ಎಂದಿದ್ದ. ಕ್ರಿಸ್‌ಮಸ್ಸಿಗೆ ಮೊದಲೇ ಅಲ್ಲಿ ತೀರಿಕೊಂಡ. ಪಿಕಪ್ಪಿನ ಕೀಲಿಕೈಯನ್ನು ಸ್ಟೀರಿಂಗ್ ಪಕ್ಕದ ಆಷ್‌ಟ್ರೇಯಲ್ಲೇ ಬಿಟ್ಟುಹೋಗಿದ್ದ. ನಮ್ಮಲ್ಲಿ ಎಲ್ಲರೂ ಇಡುವುದು ಅಲ್ಲಿಯೇ. ಹಿಮಗಾಳಿಯಲ್ಲಿ ಸಿಲುಕಿದವರು, ಹೆರಿಗೆನೋವು ಬಂದವರು, ಯಾರ ಅಂಗಳದ ಗಾಡಿಯನ್ನಾದರೂ ಹತ್ತಿ ಹೋಗುವಂತಿರಬೇಕು. ವರ್ನಾ ಆ ಕೀಲಿಕೈಯನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಈ ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ, ಅವರ ನಾಯಿ ಬಿಸ್ಕೆಟ್ ಆ ಪಿಕಪ್ಪಿನ ಕೆಳಗೆ ಏನನ್ನೋ ನೆಕ್ಕುತ್ತಿರುವುದು ಓಡೆಲ್‌ನ ಕಣ್ಣಿಗೆ ಬಿತ್ತು. ತುಕ್ಕು ತಿಂದ ರೇಡಿಯೇಟರಿನಿಂದ, ಎಂಜಿನ್ನನ್ನು ತಣ್ಣಗಿಡುವ ಹಸಿರು ಕೂಲೆಂಟ್ ತೊಟ್ಟಿಕ್ಕಿ ನೆಲದಲ್ಲಿ ಮಡುಗಟ್ಟಿತ್ತು. ಅದರ ರುಚಿ ಸಿಹಿ. ಆದರೆ ಅದು ಮೂತ್ರಪಿಂಡವನ್ನು ಕೊಲ್ಲುವ ವಿಷ. ಓಡೆಲ್ ನಾಯಿಯನ್ನು ಎತ್ತಿಕೊಂಡು ನಲವತ್ತು ಮೈಲಿ ಗಾಡಿ ಓಡಿಸಿದ. "ಇನ್ನೊಂದೆರಡು ಗಂಟೆ ತಡ ಮಾಡಿದ್ರೆ ಇದು ಉಳೀತಿರ್ಲಿಲ್ಲ" ಎಂದರು ಪಶುವೈದ್ಯರು.

ನಾಲ್ಕನೆಯ ದಿನ ಬಿಸ್ಕೆಟ್ ಮನೆಗೆ ಬಂತು. ಅಂದಿನಿಂದ ಅದನ್ನು ಹಗ್ಗದಲ್ಲಿ ಕಟ್ಟಬೇಕಾಯಿತು. ಹುಟ್ಟಿನಿಂದ ಕಟ್ಟು ಕಾಣದ ನಾಯಿ ಬೆಳಗಿನಿಂದ ಸಂಜೆಯವರೆಗೆ ಕುಂಯ್‌ಗುಟ್ಟುತ್ತಿತ್ತು.

"ನಿನ್ ತಮ್ಮನ ಗಾಡಿನೋ, ನನ್ ನಾಯಿನೋ? ಒಂದನ್ನ ಹೇಳು" ಎಂದ ಓಡೆಲ್.

"ಕೌಂಟಿ ಕಚೇರಿಗೆ ಫೋನ್ ಮಾಡಿದ್ರೆ ಮೊದ್ಲು ನಮ್ಗೇ ದಂಡ ಹಾಕ್ತಾರೆ. ಇಷ್ಟು ವರ್ಷ ಯಾಕ್ ಇಟ್ಕೊಂಡಿದ್ರಿ ಅಂತಾರೆ. ಅದೂ ಅಲ್ದೆ ಗಾಡಿ ಕಾಗದ ಕ್ಲಿಫ್ ಹೆಸ್ರಲ್ಲಿದೆ. ಕೊಡೋಕೆ ನಾನ್ಯಾರು?"

"ಫೋನ್ ಮಾಡಿ ಆಯ್ತು. ಕೊಲೀನ್ ಬರ್ತಾಳೆ. ನನ್ ಮೇಲೆ ಕೂಗಾಡೋದಿದ್ರೆ ಅಷ್ಟರೊಳಗೆ ಮುಗಿಸ್ಬಿಡು."

ಕೊಲೀನ್ ಪಕ್ಕದ ಹೊಲದ ಮನೆಯಲ್ಲಿ ಬೆಳೆದವಳು. ಈಗ ಕೌಂಟಿಯಲ್ಲಿ ಪಾಳುಬಿದ್ದ ವಾಹನಗಳನ್ನು ತೆರವು ಮಾಡಿಸುವ ವಿಭಾಗದಲ್ಲಿದ್ದಾಳೆ. ಗುರುವಾರ ಬಂದಳು. ವರ್ನಾ ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನುಗಳ ತಟ್ಟೆಯನ್ನು ಮುಂದಿಟ್ಟಳು.

"ತಿನ್ನು. ಆದ್ರೆ ಗಾಡಿ ವಿಷ್ಯ ಎತ್ತಬೇಡ."

"ಎತ್ತದೆ ಹೋದ್ರೆ ನಂಗೆ ಸಂಬಳ ಯಾರ್ ಕೊಡ್ತಾರೆ ವರ್ನಾ?" ಕೊಲೀನ್ ನಕ್ಕಳು. "ದಂಡ ಇಲ್ಲ. ತಾವಾಗೇ ಫೋನ್ ಮಾಡಿ ಗಾಡಿ ಕೊಟ್ಟವ್ರಿಗೆ ನಾವು ಯಾವತ್ತೂ ದಂಡ ಹಾಕಿಲ್ಲ. ಎಳ್ಕೊಂಡ್ ಹೋಗೋಕೂ ನೀವೇನೂ ಕೊಡ್ಬೇಕಿಲ್ಲ."

"ಕಾಗದ?"

"ಕ್ಲಿಫ್‌ಗೆ ಹತ್ತಿರದ ಸಂಬಂಧಿ ನೀವೇ. ಅವ್ನ ಮರಣಪತ್ರದ ನಕಲು, ನಿಮ್ಮದೊಂದು ಸಹಿ, ಅಷ್ಟೇ. ಗಾಡಿ ಯಾರದ್ದು ಅಂತಾನೇ ಗೊತ್ತಿಲ್ದಿದ್ರೂ ಚಿಂತೆ ಇಲ್ಲ. ಶೆರಿಫ್ ಕಚೇರಿ ಪೊಲೀಸ್ರು ನಂಬರ್ ಹಿಡಿದು ಹುಡುಕ್ತಾರೆ."

"ಆಮೇಲೆ ಏನ್ ಮಾಡ್ತೀರಿ ಅದನ್ನ?"

"ಮೊದ್ಲು ಕೂಲೆಂಟ್, ಎಣ್ಣೆ, ಬ್ಯಾಟರಿ ತೆಗೀತೀವಿ, ನೆಲಕ್ಕೆ ಬೀಳದ ಹಾಗೆ. ಆಮೇಲೆ ಕಬ್ಬಿಣ ಕರಗಿಸೋಕೆ ಹೋಗುತ್ತೆ."

ಕರಗಿಸುವ ಮಾತು ಕೇಳಿದೊಡನೆ ವರ್ನಾ ಕಾಫಿಯ ಬಟ್ಟಲನ್ನು ಕೆಳಗಿಟ್ಟಳು. "ಬರ್ತೀನಿ ಅಂದಿದ್ದ ಕಣೆ ಅವ್ನು" ಎಂದಳು. ಹತ್ತೊಂಬತ್ತು ವರ್ಷ ದಂಡದ ಹಿಂದೆ, ಕಾಗದದ ಹಿಂದೆ ಅಡಗಿಸಿಟ್ಟಿದ್ದ ಕಾರಣ ಅದೊಂದೇ. ಓಡೆಲ್ ಕಿಟಕಿಯ ಹೊರಗೆ ನೋಡತೊಡಗಿದ.

ಕೊಲೀನ್ ಅವಸರ ಮಾಡಲಿಲ್ಲ. ತಟ್ಟೆ ಖಾಲಿಯಾದ ಮೇಲೆ, "ಬನ್ನಿ, ಒಂದ್ಸಲ ನೋಡಿ ಬರೋಣ" ಎಂದಳು. ಪಿಕಪ್ಪಿನ ಬಾಗಿಲು ನರಳುತ್ತಾ ತೆರೆದುಕೊಂಡಿತು. ಸೀಟಿನ ಹತ್ತಿಯಲ್ಲಿ ಇಲಿಗಳು ಸಂಸಾರ ಹೂಡಿದ್ದವು.

"ಇದ್ರ ಕ್ಲಚ್ ಹಾಳ್ಮಾಡಿದ್ದು ನಾನೇ. ಕ್ಲಿಫ್ ನಂಗೆ ಗಾಡಿ ಓಡಿಸೋದು ಕಲಿಸಿದ್ದು ಇದ್ರಲ್ಲೇ. ಒಂದ್ ಮಾತೂ ಬೈಲಿಲ್ಲ" ಎಂದಳು ಕೊಲೀನ್.

"ನಿನ್ನೆದುರಿಗೆ ಬೈಲಿಲ್ಲ. ಇಲ್ಲಿ ಬಂದು ಮೂರು ದಿನ ಬೈದ" ಎಂದಳು ವರ್ನಾ. ಇಬ್ಬರೂ ನಕ್ಕರು, ವರ್ನಾಳ ನಗು ಅರ್ಧದಲ್ಲೇ ನಿಂತಿತು.

ಕೊಲೀನ್ ಆಷ್‌ಟ್ರೇಯನ್ನು ಎಳೆದಳು. ಕೀಲಿಕೈ ಅಲ್ಲಿಯೇ ಇತ್ತು.

"ಇದನ್ನ ಇಲ್ಲಿ ಯಾಕೆ ಇಟ್ಟ ಅವ್ನು?"

"ಯಾಕೆ ಅಂದ್ರೆ? ಯಾರಿಗಾದ್ರೂ ಕಷ್ಟಕ್ಕೆ ಆಗ್ಲಿ ಅಂತ. ಎಲ್ರೂ ಇಡೋದು ಅದಕ್ಕೇ ತಾನೆ?"

"ಈಗ ಯಾರ ಕಷ್ಟಕ್ಕಾದ್ರೂ ಆಗುತ್ತಾ?"

ವರ್ನಾ ಗಾಡಿಯ ಕೆಳಗಿನ ನೆಲವನ್ನು ನೋಡಿದಳು. ಹಿತ್ತಲ ಬಾವಿ ಅಲ್ಲಿಂದ ಮೂವತ್ತು ಹೆಜ್ಜೆ. ಹಸಿರು ಕಲೆ ಆ ಕಡೆಗೇ ಇಳಿದಿತ್ತು. ಹಗ್ಗದ ಕೊನೆಯಲ್ಲಿ ಬಿಸ್ಕೆಟ್ ಅವಳನ್ನೇ ನೋಡುತ್ತಿತ್ತು. ಅವಳು ಪೆನ್ನಿಗೆಂದು ಕೊಲೀನ್ ಕಡೆಗೆ ಕೈ ಚಾಚಿದಳು. "ಎಲ್ಲಿ ಸಹಿ ಹಾಕ್ಬೇಕು?"

ಒಂಬತ್ತು ದಿನಗಳ ನಂತರ ಎಳೆಯುವ ಲಾರಿ ಬಂತು. ವರ್ನಾ ನಂಬರ್ ಪ್ಲೇಟನ್ನು ಬಿಚ್ಚಿ ತನ್ನ ಬಳಿ ಇಟ್ಟುಕೊಂಡಿದ್ದಳು. ಚಾಲಕ ಪಿಕಪ್ಪಿನ ಚಕ್ರವನ್ನು ತಿರುಗಿಸಲು ನೋಡಿದ, ಸ್ಟೀರಿಂಗ್ ಅಲ್ಲಾಡಲಿಲ್ಲ.

"ಲಾಕ್ ಆಗಿದೆ. ಇಂಥವುಕ್ಕೆಲ್ಲ ಕೀಲಿಕೈ ಎಲ್ಲಿರುತ್ತೆ ಬಿಡಿ, ಒಡೀಬೇಕು."

"ಒಡೀಬೇಡ" ಎಂದಳು ವರ್ನಾ. ಆಷ್‌ಟ್ರೇಯನ್ನು ತಾನೇ ಎಳೆದು ಕೀಲಿಕೈಯನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. "ತಗೋ. ಬೇಕಾದವ್ರಿಗೆ ಅಂತಾನೇ ಇಟ್ಟು ಹೋಗಿದ್ದ."

ಕೀಲಿಕೈ ತಿರುಗಿತು. ನೀಲಿ ಪಿಕಪ್ ಮೆಲ್ಲನೆ ಲಾರಿಯನ್ನೇರಿ, ಕ್ಲಿಫ್ ಹೋದ ದಾರಿಯಲ್ಲಿಯೇ ಹೋಯಿತು. ಓಡೆಲ್ ಕಲೆಯಾದ ಮಣ್ಣನ್ನು ಅಗೆದು ಪೀಪಾಯಿಗೆ ತುಂಬಿ ಕೌಂಟಿಗೆ ಒಪ್ಪಿಸಿದ. ಬಾವಿಯ ನೀರಿನ ಪರೀಕ್ಷೆ ಮಾಡಿಸಿದರು. ವಿಷ ಅಲ್ಲಿಯವರೆಗೆ ಹೋಗಿರಲಿಲ್ಲ. ಆ ಫಲಿತಾಂಶ ಬಂದ ಸಂಜೆ ವರ್ನಾ ತಾನೇ ಬಿಸ್ಕೆಟ್‌ನ ಹಗ್ಗವನ್ನು ಬಿಚ್ಚಿದಳು.

ನೆರೆಹೊರೆಯವರೇ, ನಿಮ್ಮ ಮರಗಳ ಹಿಂದೆಯೂ ಒಂದು ಗಾಡಿ ನಿಂತಿರಬಹುದು; ಅದರಲ್ಲಿ ನಿಮ್ಮವರು ಯಾರೋ ಕುಳಿತ ಗುರುತೂ ಇರಬಹುದು. ಗುರುತನ್ನು ಇಟ್ಟುಕೊಳ್ಳಿ, ವಿಷವನ್ನು ಕೊಟ್ಟುಬಿಡಿ. ಈ ವಾರವೇ ನಿಮ್ಮ ಕೌಂಟಿಯ ಕಚೇರಿಗೆ ಫೋನ್ ಮಾಡಿ. ಕಾಗದ ಕಳೆದಿದ್ದರೂ, ಹೆಸರು ಬೇರೆಯವರದಾಗಿದ್ದರೂ, ಕೇಳಲು ಅಂಜಬೇಡಿ. ಲಾರಿ ಬರಲು ದಾರಿ ಬಿಡಿಸಿಡಿ. ಅಲ್ಲಿಯವರೆಗೆ ಗಾಡಿಯ ಕೆಳಗೊಂದು ಅಗಲವಾದ ತಟ್ಟೆಯನ್ನಿಟ್ಟು, ಸುತ್ತ ಹಲಗೆ ಅಡ್ಡವಿಟ್ಟು, ನಾಯಿ ಬೆಕ್ಕುಗಳನ್ನು ದೂರವಿಡಿ. ಆಷ್‌ಟ್ರೇಯನ್ನೂ ಒಮ್ಮೆ ಎಳೆದು ನೋಡಿ. ಹೋದವರು ಕೀಲಿಕೈಯನ್ನು ಅಲ್ಲಿಟ್ಟದ್ದು ನೀವು ಗಾಡಿಗೆ ಕಾವಲು ಕೂರಲೆಂದಲ್ಲ.